ಮೊಟ್ಟೆಯೊಳಗಿನ ಒದೆತ

ನಮ್ಮ ಮನೆತನದಲ್ಲಿ ಈವರೆಗೆ ಯಾರು ಏನೇ ಓದಿದ್ದರೂ ಅದನ್ನು ಮದುವೆಮನೆಯ ಪಂಕ್ತಿಯಲ್ಲಿ ಸಾರು ಬರುವಷ್ಟರೊಳಗೆ ಹೇಳಿ ಮುಗಿಸಬಹುದಾಗಿತ್ತು. ಬಿ.ಇ., ಸಿ.ಎ., ಎಂ.ಬಿ.ಬಿ.ಎಸ್. ಅಂದರೆ ಸಾಕು. ಕೇಳಿದವರು ‘ಓ’ ಎಂದು ತಲೆದೂಗಿ ಕೋಸಂಬರಿಯ ಕಡೆ ತಿರುಗುತ್ತಿದ್ದರು. ಈ ಅನುಕೂಲವನ್ನು ಕೆಡಿಸಿದವಳು ಅಕ್ಕನ ಮಗಳು. ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದವಳು ಪಿಎಚ್.ಡಿ.ಗೆಂದು ಅಮೆರಿಕದ ವಿಮಾನ ಹತ್ತಿದಾಗ ಕಾರನ್ನೋ ರಾಕೆಟ್ಟನ್ನೋ ಮಾಡುತ್ತಾಳೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಅವಳು ಹಿಡಿದದ್ದು ಟೆಂಡನ್. ಮಾಂಸಖಂಡವನ್ನು ಮೂಳೆಗೆ ಬಿಗಿಯುವ ಬಿಳಿಯ ಹುರಿ. ಪಠ್ಯಪುಸ್ತಕದವರು ಸ್ನಾಯುರಜ್ಜು ಅನ್ನುತ್ತಾರಲ್ಲ, ಅದು. ಅದಾದರೂ ಇಡಿಯಾಗಿ ಅಲ್ಲ, ಭ್ರೂಣದಲ್ಲಿ ಅದು ಹೇಗೆ ಗಟ್ಟಿಯಾಗುತ್ತಾ ಹೋಗುತ್ತದೆ ಎನ್ನುವಷ್ಟು. ಭ್ರೂಣವೂ ಮನುಷ್ಯರದ್ದಲ್ಲ, ಕೋಳಿಯದು.

ಮೊದಲ ವರ್ಷ ಅಕ್ಕ ಶ್ರದ್ಧೆಯಿಂದ ‘ಭ್ರೂಣಾವಸ್ಥೆಯ ಟೆಂಡನ್ನಿನ ಬಯೋಮೆಕ್ಯಾನಿಕ್ಸ್’ ಎಂದು ಬಾಯಿಪಾಠ ಮಾಡಿಕೊಂಡು ಹೇಳುತ್ತಿದ್ದಳು. ಕೇಳಿದವರು, “ಅಂದ್ರೆ ಮೂಳೆ ಡಾಕ್ಟ್ರಾ? ನನ್ನ ಮಂಡಿ ಒಂದ್ಸಲ ತೋರಿಸ್ಬೇಕಿತ್ತು” ಎನ್ನುತ್ತಿದ್ದರು. ಮಂಡಿಗಳಿಂದ ತಪ್ಪಿಸಿಕೊಳ್ಳಲು ಅಕ್ಕ ಮರುವರ್ಷ ‘ಕೋಳಿ ಮೊಟ್ಟೆ ಮೇಲೆ ರಿಸರ್ಚು’ ಎಂದು ಮೊಟಕುಗೊಳಿಸಿದಳು. ಅದರ ಫಲವಾಗಿ ಹುಡುಗಿ ಅಮೆರಿಕದಲ್ಲಿ ಕೋಳಿ ಫಾರಂ ಇಟ್ಟಿದ್ದಾಳೆಂಬ ಸುದ್ದಿ ಹಾಸನದ ಕಡೆಯ ನೆಂಟರಲ್ಲೆಲ್ಲ ಹರಡಿ, ಒಬ್ಬರು ಅಲ್ಲಿ ಫಾರಂಗೆ ಸಾಲ ಸುಲಭವಾಗಿ ಸಿಗುತ್ತದೆಯೇ ಎಂದು ಭಾವನನ್ನು ವಿಚಾರಿಸಿದರು. ಈಗ ಅಕ್ಕ ‘ಅಮೆರಿಕದಲ್ಲಿದಾಳೆ’ ಎಂದಷ್ಟೇ ಹೇಳಿ ಬಡಿಸುವವರನ್ನು ಕೂಗಿ ಹೋಳಿಗೆ ಹಾಕಿಸುತ್ತಾಳೆ.

ಅಮ್ಮನಿಗೆ ಮಾತ್ರ ವಿಷಯ ಸ್ಪಷ್ಟವಾಗಿತ್ತು. “ಹೇಂಟೆ ಇಪ್ಪತ್ತೊಂದು ದಿನ ಕಾವು ಕೂತರೆ ಮರಿ ಹೊರಗೆ ಬರತ್ತೆ. ಇವಳು ವರ್ಷಗಟ್ಟಲೆಯಿಂದ ಕೂತಿದಾಳೆ, ಇನ್ನೂ ಏನೂ ಬಂದಿಲ್ಲವಲ್ಲೋ” ಎಂದು ಒಂದು ಭಾನುವಾರ ಹೇಳಿದಳು. ಫೋನು ಸ್ಪೀಕರಿನಲ್ಲಿತ್ತು. ಹುಡುಗಿ ಬಿದ್ದು ಬಿದ್ದು ನಕ್ಕು, ಅದನ್ನು ಇಂಗ್ಲಿಷಿಗೆ ಮಾಡಿ ತನ್ನ ಗೈಡ್‌ಗೆ ಹೇಳಿದಳಂತೆ. ಗೈಡ್ ನಗಲಿಲ್ಲವಂತೆ.

ಟೆಂಡನ್ ಎಂಬುದು ಮೈಯಲ್ಲಿ ಇದ್ದೂ ಇಲ್ಲದಂತೆ ಇರುವ ಸರಕು. ಹೃದಯಕ್ಕೆ ಕವಿಗಳಿದ್ದಾರೆ, ಮಿದುಳಿಗೆ ತತ್ವಜ್ಞಾನಿಗಳಿದ್ದಾರೆ, ಲಿವರಿಗೆ ಕುಡುಕರಾದರೂ ಇದ್ದಾರೆ. ಟೆಂಡನ್ನಿಗೆ ಗಿರಾಕಿಗಳಿಲ್ಲ. ವಿಜ್ಞಾನಿಗಳೂ ಅದನ್ನು ಬಹುಕಾಲ ಹಗ್ಗವೆಂದೇ ಬಗೆದು ಪಕ್ಕಕ್ಕಿಟ್ಟಿದ್ದರು. ಬೆಳೆಯುತ್ತಿರುವ ಭ್ರೂಣದಲ್ಲಿ ಇಂಥ ಜೀವಕೋಶ ಮುಂದೆ ಟೆಂಡನ್ ಆಗುತ್ತದೆ ಎಂದು ಬೆರಳಿಟ್ಟು ತೋರಿಸುವುದಕ್ಕೆ ನಂಬಬಹುದಾದ ಗುರುತು ಸಿಕ್ಕಿದ್ದೇ 2001ರಲ್ಲಿ. ಸ್ಕ್ಲೆರಾಕ್ಸಿಸ್ ಎಂಬ ಜೀನ್ ಅದು. ಮನುಷ್ಯರ ಇಡೀ ಜೀನೋಮಿನ ಕರಡು ಪ್ರಕಟವಾದದ್ದೂ ಅದೇ ವರ್ಷ. ಪುಸ್ತಕವೆಲ್ಲ ಅಚ್ಚಾದ ಮೇಲೆ ಟೆಂಡನ್ನಿನ ಪುಟ ಯಾವುದು ಎಂದು ಹುಡುಕಲು ಕೂತ ಹಾಗಾಯಿತು ಇದು.

ಓದುಗರು ಈಗ ಒಂದು ಕೆಲಸ ಮಾಡಬೇಕು. ಪತ್ರಿಕೆಯನ್ನು ತೊಡೆಯ ಮೇಲಿಟ್ಟು, ಹೆಬ್ಬೆರಳ ತುದಿಯನ್ನು ಕಿರುಬೆರಳ ತುದಿಗೆ ಮುಟ್ಟಿಸಿ, ಮಣಿಕಟ್ಟನ್ನು ತುಸು ಒಳಕ್ಕೆ ಬಗ್ಗಿಸಿ. ಮಣಿಕಟ್ಟಿನ ನಟ್ಟನಡುವೆ ಚರ್ಮವನ್ನು ಎತ್ತಿಕೊಂಡು ಒಂದು ಹುರಿ ನಿಲ್ಲುತ್ತದೆ. ಪಾಲ್ಮಾರಿಸ್ ಲಾಂಗಸ್ ಎಂಬ ಮಾಂಸಖಂಡದ ಟೆಂಡನ್ ಅದು. ನಿಲ್ಲದಿದ್ದರೆ ಗಾಬರಿ ಬೇಡ. ಕೆಲವರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ, ಕೆಲವರಿಗೆ ಒಂದೇ ಕೈಯಲ್ಲಿರುತ್ತದೆ, ಇಲ್ಲದವರು ಚಪಾತಿ ಹಿಟ್ಟು ನಾದುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ಇದ್ದವರದನ್ನು ಶಸ್ತ್ರವೈದ್ಯರು ಬೇಕಾದಾಗ ತೆಗೆದು ತುಂಡಾದ ಬೇರೆ ಟೆಂಡನ್ನಿನ ಜಾಗಕ್ಕೆ ಹೊಲಿಯುತ್ತಾರೆ. ಈಗ ಎಡ ಅಂಗೈಯಿಂದ ಬಲ ಮುಂಗೈಯನ್ನು ಹಿಡಿದುಕೊಂಡು ಬಲಗೈಯ ಬೆರಳುಗಳನ್ನು ಹಾರ್ಮೋನಿಯಂ ನುಡಿಸುವವರಂತೆ ಆಡಿಸಿ. ಆಡುವುದು ಬೆರಳು, ಮಿಸುಕುವುದು ಮೊಣಕೈ ಹತ್ತಿರದ ಮಾಂಸ. ಬೆರಳಿನೊಳಗೆ ಅದನ್ನು ಮಡಿಸುವ ಮಾಂಸಖಂಡವೇ ಇಲ್ಲ. ಬಹುಪಾಲು ಬಲ ಮುಂಗೈಯಿಂದ ಉದ್ದನೆಯ ಟೆಂಡನ್ನುಗಳ ಮೂಲಕ ಬರುತ್ತದೆ. ಆ ಮಾಂಸವನ್ನೆಲ್ಲ ಬೆರಳಿಗೇ ತುಂಬಿದ್ದರೆ ಮದುವೆಯಲ್ಲಿ ಉಂಗುರ ತೊಡಿಸುವ ಶಾಸ್ತ್ರವೇ ಹುಟ್ಟುತ್ತಿರಲಿಲ್ಲ.

ಇವುಗಳಲ್ಲೆಲ್ಲ ದೊಡ್ಡಣ್ಣ ಹಿಮ್ಮಡಿಯ ಹಿಂದಿನ ಅಕಿಲೀಸ್ ಟೆಂಡನ್. ಸುಮಾರು ಹದಿನೈದು ಸೆಂಟಿಮೀಟರ್ ಉದ್ದ. ನಾವು ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಆರೇಳು ಪಟ್ಟು ಎಳೆತ ಅದರ ಮೇಲೆ ಬೀಳುತ್ತದೆ. ಬಸ್ ಹಿಡಿಯಲು ಓಡುವ ಎಪ್ಪತ್ತು ಕಿಲೋದ ಗುಮಾಸ್ತನ ಹಿಮ್ಮಡಿಯಲ್ಲಿ ಅಷ್ಟು ಹೊತ್ತು ನಾಲ್ಕೈದು ಕ್ವಿಂಟಾಲ್ ಜೋತಾಡುತ್ತಿರುತ್ತದೆ ಎಂದರ್ಥ. ಗ್ರೀಕ್ ವೀರನ ಹೆಸರನ್ನು ಅದಕ್ಕೆ ಅಂಟಿಸಿದವನು ಫಿಲಿಪ್ ವೆರ್‌ಹೇಯೆನ್ ಎಂಬ ಫ್ಲೆಮಿಶ್ ಅಂಗರಚನಾಶಾಸ್ತ್ರಜ್ಞ ಎನ್ನುತ್ತಾರೆ, 1693ರ ತನ್ನ ಪುಸ್ತಕದಲ್ಲಿ. ಈತ ಮೊದಲು ಪಾದ್ರಿಯಾಗಲು ಓದುತ್ತಿದ್ದವನು. ರೋಗದಿಂದ ಒಂದು ಕಾಲು ಕತ್ತರಿಸಬೇಕಾಗಿ ಬಂದ ಮೇಲೆ ವೈದ್ಯಕ್ಕೆ ತಿರುಗಿದ. ಕತ್ತರಿಸಿದ ಆ ತನ್ನ ಕಾಲನ್ನೇ ಸೀಳಿ ನೋಡಿ ಈ ಹೆಸರಿಟ್ಟನೆಂದು ಕಥೆಯೊಂದಿದೆ. ಕಥೆ ಎಂದೇ ಇಟ್ಟುಕೊಳ್ಳೋಣ. ನಮ್ಮಲ್ಲಿ ಯಾರಾದರೂ ಹೆಸರಿಡಲು ಕೂತಿದ್ದರೆ ಕೃಷ್ಣನ ಹೆಸರು ಬರುತ್ತಿತ್ತೇನೋ. ಜರನೆಂಬ ಬೇಡನ ಬಾಣ ಅವನಿಗೂ ತಾಗಿದ್ದು ಪಾದಕ್ಕೇ.

ಹೋದ ವರ್ಷ ಅಕ್ಕ, ಭಾವ ಮಗಳನ್ನು ನೋಡಲು ಹೊರಟಾಗ ಲಗೇಜಿನ ಜೊತೆಗೆ ನನ್ನನ್ನೂ ಕರೆದುಕೊಂಡು ಹೋದರು. ಎಲ್ಲರೂ ಜಲಪಾತ ನೋಡೋಣವೆಂದರೆ ನಾನು ಪ್ರಯೋಗಾಲಯ ನೋಡೋಣವೆಂದು ಹಟ ಹಿಡಿದೆ. ಶನಿವಾರ ಬೆಳಿಗ್ಗೆ ಹುಡುಗಿ ಕರೆದೊಯ್ದಳು. ಶನಿವಾರವೇ ಏಕೆಂದರೆ ಮೊಟ್ಟೆಗಳಿಗೆ ಅಂದು ಹದಿಮೂರನೆಯ ದಿನ.

ಟೆಂಡನ್ ಸಂಶೋಧಕಿಯ ಪಂಚಾಂಗವೇ ಬೇರೆ. ಗೂಡಿನಿಂದ ಬಂದ ಮೊಟ್ಟೆಯನ್ನು ಇನ್‌ಕ್ಯುಬೇಟರಿಗೆ ಇಟ್ಟ ಗಳಿಗೆಯಿಂದ ಕಾಲ ಶುರು. ಹ್ಯಾಂಬರ್ಗರ್ ಮತ್ತು ಹ್ಯಾಮಿಲ್ಟನ್ ಎಂಬಿಬ್ಬರು 1951ರಲ್ಲಿ ಕೋಳಿ ಭ್ರೂಣದ ಬೆಳವಣಿಗೆಯನ್ನು ನಲವತ್ತಾರು ಹಂತಗಳಾಗಿ ವಿಂಗಡಿಸಿ ಪಟ್ಟಿ ಮಾಡಿದರು. ಇವತ್ತಿಗೂ ಪ್ರಪಂಚದ ಕೋಳಿ ಭ್ರೂಣಗಳೆಲ್ಲ ಆ ಪಟ್ಟಿಗೆ ತಲೆಬಾಗಿಯೇ ಬೆಳೆಯಬೇಕು. ಕೊನೆಕೊನೆಯ ಹಂತಗಳನ್ನು ಗುರುತಿಸಲು ಕೊಕ್ಕಿನ ಉದ್ದವನ್ನೂ ಕಾಲಿನ ಮೂರನೆಯ ಬೆರಳಿನ ಉದ್ದವನ್ನೂ ಅಳೆಯುತ್ತಾರೆ. ನಲವತ್ತಾರನೆಯ ಹಂತವೆಂದರೆ ಚಿಪ್ಪೊಡೆದು ಬಂದ ಮರಿ. ಹೀಗಾಗಿ ಇಂಥ ದಿನ ಕೆಲಸ ಬೀಳಬಾರದು ಅಂದರೆ ಅದಕ್ಕೆ ಸರಿಯಾಗಿ ಹಿಂದಕ್ಕೆ ಎಣಿಸಿ ಮೊಟ್ಟೆ ಇಡಬೇಕು. ಎಷ್ಟೇ ಎಣಿಸಿದರೂ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೋ ಗೆಳತಿಯ ಮದುವೆಗೋ ಸರಿಯಾಗಿ ಒಂದು ತಂಡಕ್ಕೆ ಹದಿನೇಳನೆಯ ದಿನ ಬಂದು ವಕ್ಕರಿಸುತ್ತದೆಯಂತೆ.

ಆಳೆತ್ತರದ ಇನ್‌ಕ್ಯುಬೇಟರಿನ ಬಾಗಿಲು ತೆರೆದಾಗ ಮುಖಕ್ಕೆ ಬಿಸಿ ತೇವದ ಗಾಳಿ ಹೊಡೆಯಿತು, ಕನ್ನಡಕ ಮಂಜಾಯಿತು. ಒಳಗೆ ಮೂವತ್ತೇಳೂವರೆ ಡಿಗ್ರಿ. ಹಲಗೆಗಳು ತಾವೇ ಆಗಾಗ ಒಂದು ಪಕ್ಕಕ್ಕೆ ವಾಲಿ ಮತ್ತೊಂದು ಪಕ್ಕಕ್ಕೆ ವಾಲುತ್ತವೆ. ಕೋಳಿ ಕೊಕ್ಕಿನಿಂದ ಮೊಟ್ಟೆ ಹೊರಳಿಸುವ ಕೆಲಸವನ್ನು ಮೋಟರ್ ಮಾಡುತ್ತದೆ. ಒಂದೊಂದು ಮೊಟ್ಟೆಯ ಮೇಲೂ ಪೆನ್ಸಿಲಿನಲ್ಲಿ ತಾರೀಖು, ನಂಬರು. ವರ್ಷಾನುಗಟ್ಟಲೆ ವಿದ್ಯುತ್ ಇಲಾಖೆಯಲ್ಲಿ ದುಡಿದು ನಿವೃತ್ತರಾದ ಭಾವ ಎಲ್ಲವನ್ನೂ ಗಂಭೀರವಾಗಿ ನೋಡಿ, “ಕರೆಂಟ್ ಹೋದ್ರೆ?” ಎಂದರು. ಬೆಚ್ಚಗಿನ ಪೆಟ್ಟಿಗೆ ತಣ್ಣಗಾದರೆ ಅವಳ ಫೋನಿಗೆ ಎಚ್ಚರಿಕೆ ಬರುತ್ತದಂತೆ. ಹಿಮ ಸುರಿಯುವ ನಡುರಾತ್ರಿ ಪೈಜಾಮದ ಮೇಲೆ ಕೋಟು ತೊಟ್ಟು ಓಡಿಬಂದದ್ದುಂಟಂತೆ. ಭಾವನ ಮುಖದಲ್ಲಿ ಮೊದಲ ಸಲ ಮಗಳ ಸಂಶೋಧನೆಯ ಬಗ್ಗೆ ಗೌರವ ಮೂಡಿತು. ನಡುರಾತ್ರಿ ಲೈನಿಗೆ ಓಡುವವರ ಜಾತಿ ಒಂದೇ.

ಕೋಣೆಯ ದೀಪ ಆರಿಸಿ ಮೊಟ್ಟೆಯೊಂದನ್ನು ಟಾರ್ಚಿನ ಬೆಳಕಿಗೆ ಹಿಡಿದಳು. ಕೆಂಪು ನಾಳಗಳ ಜಾಲ, ನಡುವೆ ಒಂದು ಕಪ್ಪು ಮೊತ್ತ ಹೊರಳುತ್ತಿತ್ತು. ಮತ್ತೊಂದು ಮೊಟ್ಟೆಯ ಮೇಲೆ ಅವಳು ಮೊದಲೇ ಚಿಪ್ಪು ಕತ್ತರಿಸಿ ಕಿಟಕಿ ಮಾಡಿ ಪಾರದರ್ಶಕ ಟೇಪು ಮೆತ್ತಿದ್ದಳು. ಟೇಪಿನ ಕೆಳಗೆ ನೋಡಿದೆ. ತೀರ ಸಣ್ಣದೊಂದು ಕಾಲು ಮಡಚಿಕೊಂಡಿತು. ಸುಮ್ಮನಿತ್ತು. ಆಮೇಲೆ ಸಟ್ಟನೆ ಒದೆಯಿತು. ಮತ್ತೆ ಒಂದಷ್ಟು ಹೊತ್ತು ಏನೂ ಇಲ್ಲ, ಆಮೇಲೆ ಎರಡು ಕಾಲೂ ಸೇರಿ ಒದೆತ. ಇನ್ನೂ ಸರಿಯಾಗಿ ಗರಿ ಬಾರದ ಜೀವಿಗೆ ಯಾರ ಮೇಲೆ ಅಷ್ಟು ಸಿಟ್ಟೋ ತಿಳಿಯಲಿಲ್ಲ.

“ಇದೇ ಮಾಮ ನನ್ನ ಥೀಸಿಸ್ಸು” ಅಂದಳು.

ಕೋಳಿ ಭ್ರೂಣ ನಾಲ್ಕನೆಯ ದಿನದ ಸುಮಾರಿಗೇ ಮಿಸುಕಲು ತೊಡಗುತ್ತದೆ. ಏಕೆ ಮಿಸುಕುತ್ತದೆ? ಮೊಟ್ಟೆಯೊಳಗೆ ಹೋಗಬೇಕಾದ ಊರಿಲ್ಲ, ಹಿಡಿಯಬೇಕಾದ ಹುಳುವಿಲ್ಲ. ಬಹುಕಾಲ ಇದನ್ನು ನರಗಳು ತಂತಾನೇ ಮಿಡಿಯುವುದರ ಪರಿಣಾಮವೆಂದು ನೋಡುತ್ತಿದ್ದರು. ಅದು ನಿಜವೂ ಹೌದು. ಆದರೆ ಆ ಒದೆತದಿಂದ ಆಗುವ ಕೆಲಸವೊಂದಿದೆ. ಭ್ರೂಣಕ್ಕೆ ಔಷಧಿ ಕೊಟ್ಟು ಮಾಂಸಖಂಡಗಳನ್ನು ಅಲುಗದಂತೆ ಮಾಡಿದರೆ ಹಿಮ್ಮಡಿಯ ಟೆಂಡನ್ ಬೆಳೆಯುತ್ತದೆ, ಆದರೆ ಆ ವಯಸ್ಸಿಗೆ ಬರಬೇಕಾದ ಗಡಸು ಬರುವುದಿಲ್ಲ. ಅದಕ್ಕೂ ಹಿಂದೆ, 1979ರಷ್ಟು ಹಿಂದೆಯೇ, ಮಾಂಸಖಂಡವೇ ಇಲ್ಲದಂತೆ ಮಾಡಿದ ಕೋಳಿ ರೆಕ್ಕೆಗಳಲ್ಲಿ ಏನಾಗುತ್ತದೆ ಎಂದು ನೋಡಿದ್ದರು. ಟೆಂಡನ್ನುಗಳು ಯಾರ ಹಂಗೂ ಇಲ್ಲದೆ ತಮ್ಮ ಪಾಡಿಗೆ ಹುಟ್ಟಿಕೊಂಡವು. ಎಳೆಯುವವರು ಯಾರೂ ಬರಲಿಲ್ಲ. ಸ್ವಲ್ಪ ದಿನ ಇದ್ದು ಕರಗಿಹೋದವು.

ಗಡಸು ಎಲ್ಲಿಂದ ಬರುತ್ತದೆ ಎನ್ನುವುದರಲ್ಲೇ ಅವಳ ಯೌವನ ಕಳೆಯುತ್ತಿರುವುದು. ಟೆಂಡನ್ ಎಂದರೆ ಹೆಚ್ಚುಕಡಿಮೆ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ಕಟ್ಟು. ಎಳೆಗಳನ್ನು ಪಕ್ಕಪಕ್ಕದಲ್ಲಿ ಪೇರಿಸಿದರೆ ಸಾಲದು. ಒಂದನ್ನು ಇನ್ನೊಂದಕ್ಕೆ ಅಡ್ಡಡ್ಡ ಕೊಂಡಿ ಹಾಕಬೇಕು. ಕೊಂಡಿ ಹಾಕುವ ಕಿಣ್ವ ಲೈಸಿಲ್ ಆಕ್ಸಿಡೇಸ್, ತಾಮ್ರವಿಲ್ಲದೆ ಅದರ ಕೆಲಸ ನಡೆಯುವುದಿಲ್ಲ. ಒದೆತ ನಿಂತರೆ ಈ ಕಿಣ್ವದ ಲೆಕ್ಕಾಚಾರವೂ ಏರುಪೇರಾಗುತ್ತದೆ. ಉದ್ಯಾನಗಳಲ್ಲಿ ಬೆಳೆಸುವ ಸ್ವೀಟ್ ಪೀ ಹೂಬಳ್ಳಿಯ ಬೀಜದಲ್ಲಿ ಈ ಕಿಣ್ವದ ಕೈ ಕಟ್ಟುವ ವಸ್ತುವೊಂದಿದೆ. ಆ ಬೀಜ ತಿಂದ ಪ್ರಾಣಿಗಳ ಮೂಳೆ, ಟೆಂಡನ್ನು ಸಡಿಲವಾಗುತ್ತವೆ. ಅದೇ ವಸ್ತುವನ್ನು ತೊಟ್ಟು ತೊಟ್ಟಾಗಿ ಮೊಟ್ಟೆಗೆ ಹಾಕಿ, ಕೊಂಡಿಯಿಲ್ಲದ ಟೆಂಡನ್ ಎಷ್ಟು ಮೆತ್ತಗಿರುತ್ತದೆಂದು ಅಳೆಯುತ್ತಾರೆ. ಅಷ್ಟು ಚೆಂದದ ಹೂವಿನ ಬೀಜಕ್ಕೆ ಇಂಥ ಬುದ್ಧಿ ಏಕೆ ಬಂತೋ.

ಅಳೆಯುವುದೆಂದರೆ ತಕ್ಕಡಿಗೆ ಕಟ್ಟಿ ಎಳೆಯುವುದಲ್ಲ. ಹದಿಮೂರು ದಿನದ ಭ್ರೂಣದ ಹಿಮ್ಮಡಿ ಟೆಂಡನ್ನು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಇಕ್ಕುಳದ ತುದಿಯಲ್ಲಿ ನೀರಿನ ಹನಿ ಹೊಳೆದ ಹಾಗಾಯಿತು, ಅದೇ ಅಂದಳು. ಅದನ್ನು ಹೆಪ್ಪುಗಟ್ಟಿಸಿ, ತೆಳ್ಳಗೆ ಹೆಚ್ಚಿ, ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್ ಎಂಬ ಯಂತ್ರದ ಕೆಳಗಿಟ್ಟು, ಕಣ್ಣಿಗೆ ಕಾಣದ ಮೊನೆಯೊಂದರಿಂದ ಮೆಲ್ಲಗೆ ಅದುಮಿ ಅದುಮಿ ನೋಡುತ್ತಾರೆ. ಉತ್ತರ ಬರುವುದು ಕಿಲೋಪ್ಯಾಸ್ಕಲ್‌ಗಳಲ್ಲಿ. ಬೆಳೆದ ಮನುಷ್ಯನ ಅಕಿಲೀಸನ್ನು ಎಳೆದು ನೋಡಿದರೆ ಗಿಗಾಪ್ಯಾಸ್ಕಲ್ಲಿನ ಆಸುಪಾಸು, ಎಂದರೆ ಹತ್ತು ಲಕ್ಷ ಕಿಲೋಪ್ಯಾಸ್ಕಲ್. ನಾನು ಕೂಡಲೇ ಭಾಗಾಕಾರಕ್ಕೆ ಇಳಿದೆ. “ಮಾಮ, ಇದು ಅದುಮಿ ಅಳೆದದ್ದು, ಅದು ಎಳೆದು ಅಳೆದದ್ದು. ನೇರ ಭಾಗಿಸಬಾರದು” ಎಂದು ತಡೆದಳು. ಇವರ ಸಹವಾಸದಲ್ಲಿ ಒಂದು ಅಚ್ಚರಿಯನ್ನೂ ನೆಮ್ಮದಿಯಾಗಿ ಪಡುವ ಹಾಗಿಲ್ಲ.

ಆದರೆ ಒಂದನ್ನು ಅವಳೇ ಕರೆದು ತೋರಿಸಿದಳು. ಇಲಿಯ ಬಾಲದ ಟೆಂಡನ್ನಿನ ಒಂದೆಳೆ, ಪೋಲರೈಸ್ ಮಾಡಿದ ಬೆಳಕಿನಲ್ಲಿ. ಕತ್ತಲೆ, ಬೆಳಕು, ಕತ್ತಲೆ, ಬೆಳಕು ಎಂದು ಸಮ ಅಂತರದ ಪಟ್ಟೆಗಳು. ಎಳೆ ನೇರವಾಗಿಲ್ಲ, ಅಲೆಅಲೆಯಾಗಿದೆ. ಬಿಗಿಯಾಗಿ ಹೆಣೆದ ಜಡೆಯನ್ನು ಸಂಜೆ ಬಿಚ್ಚಿದಾಗ ಕೂದಲಲ್ಲಿ ಉಳಿಯುವ ಅಲೆಗಳು ಹೇಗೋ ಹಾಗೆ. ಎರಡು ತುದಿ ಹಿಡಿದು ಕೂದಲೆಳೆಯಷ್ಟು ಎಳೆದಳು. ಪಟ್ಟೆಗಳು ಅಗಲವಾಗಿ, ಮಸುಕಾಗಿ, ಮಾಯವಾದವು. ಉದ್ದದ ನೂರಕ್ಕೆ ಎರಡರಷ್ಟು ಎಳೆಯುವವರೆಗೂ ಟೆಂಡನ್ ಬರೀ ಅಲೆ ಬಿಚ್ಚಿಕೊಳ್ಳುತ್ತಿರುತ್ತದೆ, ಅದಕ್ಕೆ ಭಾರವೇ ಅನ್ನಿಸುವುದಿಲ್ಲ. ಆಮೇಲೆ ಬಿಗಿ ಹಿಡಿಯುತ್ತದೆ. ನೂರಕ್ಕೆ ಎಂಟು ಹತ್ತಕ್ಕೆ ಹೋದರೆ ಹರಿಯುತ್ತದೆ. ಸಡಿಲ ಬಿಟ್ಟಳು, ಪಟ್ಟೆಗಳು ವಾಪಸ್ ಬಂದವು. ಅಷ್ಟು ಹೊತ್ತು ಬಾಗಿಲ ಬಳಿ ನಿಂತಿದ್ದ ಅಕ್ಕನೂ ಬಂದು ಕಣ್ಣಿಟ್ಟು, “ರೇಷ್ಮೆ ಸೀರೆ ಹಂಗಿದೆ ಕಣೇ” ಎಂದಳು. ಐದು ನಿಮಿಷ ಬಿಟ್ಟು, “ಇಲಿಗೆ ನೋವಾಗಲ್ವಾ?” ಎಂದಳು.

ಈ ಪ್ರಶ್ನೆಯ ದೊಡ್ಡ ಆವೃತ್ತಿ ಅಮ್ಮನದು. ನಮ್ಮದು ಮೊಟ್ಟೆಯನ್ನು ಕೇಕಿನಲ್ಲೂ ಹಿಡಿದು ಹೊರಹಾಕುವ ಮನೆ. ಆ ಮನೆಯ ಮೊಮ್ಮಗಳು ಡಜನ್ ಲೆಕ್ಕದಲ್ಲಿ ಮೊಟ್ಟೆ ತೆರೆಯುತ್ತಾಳೆ. ಅಮೆರಿಕದಲ್ಲಿ ಸಂಶೋಧನೆಗೆ ಹಣ ಕೊಡುವ ಸರ್ಕಾರದ ನಿಯಮದ ಪ್ರಕಾರ ಮರಿ ಚಿಪ್ಪೊಡೆದು ಹೊರಬರುವ ತನಕ ಅದು ‘ಪ್ರಾಣಿ’ಯೇ ಅಲ್ಲ, ಇಲಿಗೆ ಬೇಕಾದ ಅರ್ಜಿ, ಅನುಮತಿ, ಸಮಿತಿಗಳ ರಗಳೆ ಭ್ರೂಣಕ್ಕೆ ಅಷ್ಟಿಲ್ಲ. ಹುಡುಗಿ ಇದನ್ನು ಫೋನಿನಲ್ಲಿ ಅಜ್ಜಿಗೆ ಸಮಾಧಾನವಾಗಲೆಂದು ಹೇಳಿದಳು. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, “ಒದೆಯತ್ತೆ ಅಂತ ನೀನೇ ಹೇಳ್ತೀಯ, ಪ್ರಾಣಿ ಅಲ್ಲ ಅಂತ ಸರ್ಕಾರ ಹೇಳತ್ತೆ. ಇಬ್ಬರೂ ಕೂತು ಮಾತಾಡ್ಕೊಳ್ಳಿ” ಎಂದಳು. ಹುಡುಗಿಗೆ ಇದಕ್ಕೆ ಉತ್ತರವಿರಲಿಲ್ಲ. ನನಗೂ ಇಲ್ಲ. ಹೊರಬರುವ ಹೊತ್ತು ಹತ್ತಿರವಾದ ಮೊಟ್ಟೆಗಳನ್ನು ತಾನು ಬಳಸುವುದಿಲ್ಲ ಎಂದಷ್ಟೇ ಹೇಳಿದಳು.

ಅದೇ ಮಾತುಕತೆಯಲ್ಲಿ ಅಮ್ಮ ಇನ್ನೊಂದು ಬಾಂಬು ಹಾಕಿದಳು. “ನೀನು ಒದೆತದ ಮೇಲೆ ಓದ್ತಿರೋದೇ ತಮಾಷೆ. ನಿಮ್ಮಮ್ಮನ ಹೊಟ್ಟೇಲಿ ಇದ್ದಾಗ ನೀನು ಒದ್ದದ್ದೇ ಇಲ್ಲ. ಏಳನೇ ತಿಂಗಳಲ್ಲಿ ಹೆದರ್ಕೊಂಡು ಆಟೋ ಮಾಡ್ಕೊಂಡು ಆಸ್ಪತ್ರೆಗೆ ಓಡಿದ್ವಿ.” ಹುಡುಗಿ ಥೀಸಿಸ್ಸಿನ ಪರವಾಗಿ ಬಲವಾಗಿ ವಾದಿಸಿದಳು: ಮಾಸು ಗರ್ಭಕೋಶದ ಮುಂಭಾಗಕ್ಕೆ ಅಂಟಿಕೊಂಡಿದ್ದರೆ ನಡುವೆ ಮೆತ್ತೆ ಇಟ್ಟಂತಾಗಿ ತಾಯಿಗೆ ಒದೆತ ಗೊತ್ತಾಗುವುದು ಕಡಿಮೆ, ಮಗು ಒಳಗೆ ತನ್ನ ಪಾಡಿಗೆ ಒದೆಯುತ್ತಲೇ ಇರುತ್ತದೆ, ಮನುಷ್ಯ ಭ್ರೂಣ ಎರಡನೆಯ ತಿಂಗಳಲ್ಲೇ ಅಲುಗಲು ಶುರುಮಾಡಿದರೂ ತಾಯಿಗೆ ತಿಳಿಯುವುದು ಐದನೆಯ ತಿಂಗಳ ಹೊತ್ತಿಗೆ. ಅಮ್ಮ ಪೂರ್ತಿ ಕೇಳಿಸಿಕೊಂಡು, “ಆಗ ಉಳಿಸಿಕೊಂಡ ಒದೆತವನ್ನೆಲ್ಲ ಹುಟ್ಟಿದ ಮೇಲೆ ನನಗೆ ಕೊಟ್ಟೆ ಬಿಡು” ಎಂದಳು.

ಕೊಲಾಜೆನ್ ಎಂದೊಡನೆ ಈಗ ಎಲ್ಲರಿಗೂ ನೆನಪಾಗುವುದು ಮುಖ ಸುಕ್ಕಾಗದಿರಲೆಂದು ಹಾಲಿಗೆ ಕದಡಿ ಕುಡಿಯುವ ದುಬಾರಿ ಪುಡಿ. ಅದು ಹೊಟ್ಟೆಗೆ ಹೋದರೆ ಬೇಳೆಯಂತೆಯೇ ಅರಗಿ ಚೂರುಚೂರಾಗುತ್ತದೆ ಎನ್ನುವುದನ್ನು ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಯಾರೂ ಬರೆಯುವುದಿಲ್ಲ. ನನಗೆ ನೆನಪಾಗಬೇಕಾಗಿದ್ದವರು ಜಿ.ಎನ್. ರಾಮಚಂದ್ರನ್. 1942ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಬಂದ ಹುಡುಗನನ್ನು ಸಿ.ವಿ. ರಾಮನ್ ತಮ್ಮ ಭೌತವಿಜ್ಞಾನ ವಿಭಾಗಕ್ಕೆ ಎಳೆದುಕೊಂಡರು. ರಾಮಚಂದ್ರನ್ ಮುಂದೆ ಮದರಾಸು ವಿಶ್ವವಿದ್ಯಾಲಯಕ್ಕೆ ಹೋಗಿ, ಗೋಪಿನಾಥ್ ಕರ್ತಾ ಅವರೊಡನೆ ಕೊಲಾಜೆನ್ನಿನ ಒಳರಚನೆ ಹುಡುಕಿದರು. ಅವರ ಎಕ್ಸ್-ರೇ ಕೆಲಸಕ್ಕೆ ಒದಗಿದ ಸಾಮಗ್ರಿಯಲ್ಲಿ ಕಾಂಗರೂ ಬಾಲದ ಟೆಂಡನ್ನೂ ಇತ್ತು. ಮೂರು ಸುರುಳಿಗಳು ಒಂದರ ಮೈಗೆ ಒಂದು ಸುತ್ತಿಕೊಂಡ ಹುರಿ, ಅದರಲ್ಲಿ ಪ್ರತಿ ಮೂರನೆಯ ಜಾಗದಲ್ಲೂ ಗ್ಲೈಸಿನ್ ಎಂಬ ಅತಿ ಪುಟ್ಟ ಅಮೈನೋ ಆಮ್ಲ; ಅಷ್ಟು ಪುಟ್ಟದ್ದಲ್ಲದಿದ್ದರೆ ಹುರಿಯ ಒಳಮೈಯಲ್ಲಿ ಜಾಗವೇ ಸಾಲದು. 1954, 55ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದು ಬಂತು. ಎಪ್ಪತ್ತರ ದಶಕದ ಆರಂಭದಲ್ಲಿ ಅವರು ಮತ್ತೆ ಬೆಂಗಳೂರಿಗೆ ಬಂದು ಅದೇ ವಿಜ್ಞಾನ ಸಂಸ್ಥೆಯಲ್ಲಿ ಆಣ್ವಿಕ ಜೈವಿಕ ಭೌತವಿಜ್ಞಾನದ ವಿಭಾಗ ಕಟ್ಟಿದರು. ನಮ್ಮ ಹುಡುಗಿ ನಾಲ್ಕು ವರ್ಷ ಆ ಸಂಸ್ಥೆಯ ಗೇಟಿನ ಮುಂದೆಯೇ ಕಾಲೇಜು ಬಸ್ಸಿನಲ್ಲಿ ತೂಕಡಿಸುತ್ತ ಹೋಗಿಬಂದವಳು. ಅವರ ಹೆಸರನ್ನು ಮೊದಲು ಕೇಳಿದ್ದು ಅಮೆರಿಕದ ಲ್ಯಾಬಿನಲ್ಲಿ, ಚೀನಾದ ಸಹಪಾಠಿಯ ಬಾಯಲ್ಲಿ.

ಕಾಂಗರೂ ವಿಷಯ ಬಂದ ಮೇಲೆ ಅದನ್ನು ಅಷ್ಟಕ್ಕೇ ಬಿಟ್ಟು ಹೋಗಲಾರೆ. 1973ರಲ್ಲಿ ಡಾಸನ್ ಮತ್ತು ಟೇಲರ್ ಎಂಬ ಇಬ್ಬರು ಕೆಂಪು ಕಾಂಗರೂಗಳನ್ನು ಟ್ರೆಡ್‌ಮಿಲ್ ಹತ್ತಿಸಿ, ಮೂತಿಗೆ ಮುಸುಕು ಹಾಕಿ, ಎಷ್ಟು ಆಮ್ಲಜನಕ ಎಳೆಯುತ್ತವೆ ಎಂದು ಅಳೆದರು. ನಾಯಿಯೋ ಕುದುರೆಯೋ ಮನುಷ್ಯನೋ ಆದರೆ ವೇಗ ಹೆಚ್ಚಿದಂತೆ ಖರ್ಚೂ ಹೆಚ್ಚಬೇಕು. ಕಾಂಗರೂ ನೆಗೆಯಲು ತೊಡಗಿದ ಮೇಲೆ ವೇಗ ಹೆಚ್ಚಿಸಿದರೂ ಖರ್ಚು ಏರಲಿಲ್ಲ. ನೆಲಕ್ಕೆ ಬಿದ್ದಾಗ ಕಾಲಿನ ಟೆಂಡನ್ನುಗಳು ಎಳೆದುಕೊಂಡು ಶಕ್ತಿಯನ್ನು ಹಿಡಿದಿಟ್ಟು, ಮುಂದಿನ ನೆಗೆತಕ್ಕೆ ಅದನ್ನೇ ವಾಪಸ್ ಕೊಡುವುದು ಇದಕ್ಕೆ ಮುಖ್ಯ ಕಾರಣವೆಂದು ತಿಳಿದಿದ್ದಾರೆ. ನಮ್ಮ ಹಿಮ್ಮಡಿಯೂ ಓಡುವಾಗ ಸ್ವಲ್ಪಮಟ್ಟಿಗೆ ಇದೇ ವ್ಯವಹಾರ ನಡೆಸುತ್ತದೆ. ಪ್ರತಿ ಹೆಜ್ಜೆಯ ಶಕ್ತಿಯ ಮೂರನೆಯ ಒಂದು ಭಾಗವನ್ನು ಅಕಿಲೀಸ್ ಹೀಗೆ ಉಳಿಸುತ್ತದೆಂದು ಲೆಕ್ಕ ಹಾಕಿದ್ದಾರೆ. ನಡೆಯುವುದಕ್ಕೇ ಗೊಣಗುವ ನನ್ನಂಥವನಿಗೆ ಆ ಲಾಭ ಎಲ್ಲಿಂದ ಬರಬೇಕು.

ಗೊಣಗಲು ಕಾರಣವಿದೆ. ಊರಿಗೆ ಬಂದ ಮೇಲೆ ಬೆಳಿಗ್ಗೆ ಮಂಚದಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಎಡ ಹಿಮ್ಮಡಿಯ ಹಿಂದೆ ಯಾರೋ ಹಿಡಿದು ಜಗ್ಗಿದ ಹಾಗೆ ನೋವು. ಹಿಮ್ಮಡಿಯ ವಿದ್ವಾಂಸೆ ಮನೆಯಲ್ಲೇ ಇರುವಾಗ ಡಾಕ್ಟರೇಕೆ ಎಂದು ಫೋನು ಮಾಡಿದೆ. ಅವಳು ನನ್ನ ಜನ್ಮವರ್ಷ ಕೇಳಿದಳು. 1964 ಅಂದೆ. “ಅಯ್ಯೋ ಮಾಮ, ನಿಮ್ಮ ಟೆಂಡನ್ನಲ್ಲಿ ಬಾಂಬಿದೆ” ಎಂದು ಖುಷಿಪಟ್ಟಳು.

ವಿಷಯ ಹೀಗಿದೆ. ಐವತ್ತರ ದಶಕದ ನಡುವಿನಿಂದ 1963ರ ಒಪ್ಪಂದದವರೆಗೆ ದೊಡ್ಡ ದೇಶಗಳು ಬಯಲಿನಲ್ಲಿ ಸಿಡಿಸಿದ ಅಣುಬಾಂಬುಗಳಿಂದ ಗಾಳಿಯಲ್ಲಿ ಕಾರ್ಬನ್-14 ಸುಮಾರು ಎರಡು ಪಟ್ಟಾಯಿತು. ಆಮೇಲೆ ವರ್ಷವರ್ಷವೂ ಇಳಿಯುತ್ತ ಬಂತು. ಗಾಳಿಯದು ಪೈರಿಗೆ, ಪೈರಿನದು ಅನ್ನಕ್ಕೆ, ಅನ್ನದ್ದು ಮೈಗೆ. ಮೈಯ ಯಾವ ಭಾಗ ಯಾವ ವರ್ಷ ಕಟ್ಟಿದ್ದು ಎನ್ನುವುದಕ್ಕೆ ಅದೊಂದು ತಾರೀಖಿನ ಮೊಹರು. ಕೋಪನ್‌ಹೇಗನ್ನಿನ ಸಂಶೋಧಕರು ತೀರಿಕೊಂಡವರ ಅಕಿಲೀಸ್ ಟೆಂಡನ್ನಿನ ನಡುಭಾಗದಲ್ಲಿ ಈ ಮೊಹರನ್ನು ಓದಿ 2013ರಲ್ಲಿ ಪ್ರಕಟಿಸಿದರು. ಮಾಂಸಖಂಡದಲ್ಲಿ ಹಳೆಯ ಮೊಹರು ಅಳಿಸಿಹೋಗಿತ್ತು, ಎಂದರೆ ಅದು ಹೊಸದಾಗುತ್ತಲೇ ಇದ್ದ ವಸ್ತು. ಟೆಂಡನ್ನಿನ ನಡುವಿನಲ್ಲಿ ಹಾಗಲ್ಲ. ಮನುಷ್ಯ ಎತ್ತರಕ್ಕೆ ಬೆಳೆಯುವುದು ನಿಲ್ಲುವ ಸುಮಾರು ಹದಿನೇಳನೆಯ ವಯಸ್ಸಿನವರೆಗೆ ಕಟ್ಟಿದ್ದೇ ಕೊನೆ; ಆಮೇಲೆ ಹೆಚ್ಚುಕಡಿಮೆ ರಿಪೇರಿಯೂ ಇಲ್ಲ, ಸುಣ್ಣಬಣ್ಣವೂ ಇಲ್ಲ.

ಎಂದರೆ ನನ್ನ ಹಿಮ್ಮಡಿ ಪಿಯುಸಿಯಲ್ಲಿದ್ದಾಗಿನದು. ಅಕ್ಕಪಕ್ಕದ ಎಲ್ಲವೂ ಬದಲಾಗಿದೆ. ಕೂದಲು ಹೋಗಿದೆ, ಹಲ್ಲು ಎರಡು ಸಲ ಬದಲಾಗಿ ಮೂರನೆಯದು ಡಾಕ್ಟರು ಕಟ್ಟಿದ್ದು, ಅಭಿಪ್ರಾಯಗಳ ಮಾತಂತೂ ಬೇಡ. ಹಿಮ್ಮಡಿಯೊಂದು ಮಾತ್ರ ಕ್ಲಾಸು ತಪ್ಪಿಸಿ ಮ್ಯಾಟಿನಿಗೆ ಓಡಿದ ಆ ಹುಡುಗನದ್ದೇ. ಅದರೊಳಗೆ ಕೆನಡಿ, ಕ್ರುಶ್ಚೇವರ ಜಗಳದ ಬೂದಿಯೂ ಇದೆ. ಇದನ್ನು ಹೀಗೆ ಸ್ವಲ್ಪ ಭಾವುಕನಾಗಿ ಹೇಳುತ್ತಿದ್ದಾಗಲೇ ಹುಡುಗಿ ಮತ್ತೆ ತಡೆದಳು. 2020ರಲ್ಲಿ ಮ್ಯಾಂಚೆಸ್ಟರಿನವರು ಇಲಿಗಳಲ್ಲಿ ನೋಡಿದ್ದಾರಂತೆ: ದಪ್ಪ ಎಳೆಗಳು ಖಾಯಂ, ಆದರೆ ಅವುಗಳ ನಡುವೆ ತೆಳ್ಳನೆಯ ಎಳೆಗಳು ಹಗಲು–ರಾತ್ರಿಯ ಲಯಕ್ಕೆ ತಕ್ಕಂತೆ ಹುಟ್ಟಿ ಸವೆಯುತ್ತಲೇ ಇರುತ್ತವೆ. “ಪೂರ್ತಿ ಹಳೇದು ಅಂತ ಬರೀಬೇಡಿ ಮಾಮ.” ಬರೆದಿಲ್ಲ ಎನ್ನುವುದಕ್ಕೆ ಓದುಗರೇ ಸಾಕ್ಷಿ.

ಇದರಿಂದೆಲ್ಲ ಏನು ಉಪಯೋಗ ಎಂದು ಕೇಳುವವರು ಇದ್ದೇ ಇರುತ್ತಾರೆ. ನಮ್ಮ ಮನೆಯಲ್ಲಿ ಆ ಖಾತೆ ಭಾವನದು. ಅವಳು ಕೊಡುವ ಉತ್ತರ ನನಗೆ ಹಿಡಿಸಿತು. ಪಾದ ಒಳಕ್ಕೆ ತಿರುಚಿಕೊಂಡು ಹುಟ್ಟುವ ಮಕ್ಕಳಿರುತ್ತವೆ. ಅಯೋವಾದಲ್ಲಿದ್ದ ಇಗ್ನಾಸಿಯೋ ಪೊನ್ಸೆಟಿ ಎಂಬ ವೈದ್ಯರು ತೋರಿಸಿಕೊಟ್ಟಂತೆ ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸುತ್ತ ಪಾದವನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತಾರೆ. ಕೊನೆಗೆ ಬಹುಪಾಲು ಮಕ್ಕಳಲ್ಲಿ ಹಿಮ್ಮಡಿಯ ಟೆಂಡನ್ನನ್ನು ಸಣ್ಣ ಚಾಕುವಿನಿಂದ ಪೂರ್ತಿ ಕತ್ತರಿಸುತ್ತಾರೆ. ಹೊಲಿಗೆ ಹಾಕುವುದಿಲ್ಲ. ಮೂರು ವಾರ ಪ್ಲಾಸ್ಟರಿನಲ್ಲಿಟ್ಟು ಬಿಚ್ಚಿದರೆ ಟೆಂಡನ್ ಬೇಕಾದಷ್ಟು ಉದ್ದವಾಗಿ ಕೂಡಿಕೊಂಡಿರುತ್ತದೆ. ಆ ಮಗು ಮುಂದೆ ಓಡುತ್ತದೆ, ಕುಂಟಾಬಿಲ್ಲೆ ಆಡುತ್ತದೆ. ಅದೇ ಟೆಂಡನ್ ನಲವತ್ತರ ಬ್ಯಾಡ್ಮಿಂಟನ್ ಆಟಗಾರನಿಗೆ ಪಟ್ಟೆಂದು ಹರಿದರೆ ತಿಂಗಳುಗಟ್ಟಲೆ ಆರೈಕೆಯಾದ ಮೇಲೂ ಅಲ್ಲಿ ಉಳಿಯುವುದು ಗಾಯದ ಕಲೆಯಂಥ ಒರಟು ಹೊಲಿಗೆ, ಮೊದಲಿನ ಅಚ್ಚುಕಟ್ಟು ಬರುವುದಿಲ್ಲ. ಎಳೆಯದಕ್ಕೆ ಗೊತ್ತಿದ್ದ ಯಾವುದನ್ನು ಬಲಿತದ್ದು ಮರೆಯಿತು? ಅದನ್ನು ತಿಳಿಯಬೇಕಾದರೆ ಮೊದಲ ಸಲ ಟೆಂಡನ್ ಹೇಗೆ ಕಟ್ಟಿಕೊಂಡಿತು ಎನ್ನುವುದನ್ನು ನೋಡಬೇಕು, ಅದಕ್ಕೆ ಮೊಟ್ಟೆಗೆ ಕಿಟಕಿ ಕೊರೆಯಬೇಕು. ಭಾವ ಇದನ್ನು ಕೇಳಿ ಒಪ್ಪಿದರು. ಒಪ್ಪಿ, “ಸರಿ, ಯಾವಾಗ ಮುಗಿಯತ್ತೆ?” ಎಂದರು. ಪಿಎಚ್.ಡಿ. ಮಾಡುವವರನ್ನು ಕೇಳಬಾರದ ಪ್ರಶ್ನೆ ಅದೊಂದೇ ಎಂದು ಯಾರೂ ಅವರಿಗೆ ಹೇಳಿರಲಿಲ್ಲ.

ನನ್ನ ನೋವಿಗೆ ಅವಳು ಕೊನೆಗೂ ಔಷಧಿ ಹೇಳಲಿಲ್ಲ, ಫಿಸಿಯೋಥೆರಪಿಸ್ಟರ ಹತ್ತಿರ ಹೋಗಿ ಎಂದಳು. ನಮ್ಮ ಬಡಾವಣೆಯ ಯುವಕ ಫಿಸಿಯೋ ಹಿಮ್ಮಡಿಯನ್ನು ಚಿವುಟಿ ನೋಡಿ, ವಿಶ್ರಾಂತಿ ಹೇಳುತ್ತಾನೆಂದು ನಾನು ಆಸೆಯಿಂದ ಕಾಯುತ್ತಿರುವಾಗ, ಮೆಟ್ಟಿಲ ಅಂಚಿನಲ್ಲಿ ಮುಂಗಾಲ ಮೇಲೆ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸಬೇಕು ಎಂದ. ಮಂಡಿ ನೇರವಾಗಿಟ್ಟು ಹದಿನೈದರ ಮೂರು ಸರದಿ, ಮಂಡಿ ಬಗ್ಗಿಸಿ ಇನ್ನು ಮೂರು, ಹೊತ್ತಿಗೆ ತೊಂಬತ್ತು, ದಿನಕ್ಕೆರಡು ಹೊತ್ತು, ಹನ್ನೆರಡು ವಾರ. ಇದು ಸ್ವೀಡನ್ನಿನ ಹೋಕನ್ ಆಲ್ಫ್ರೆಡ್ಸನ್ 1998ರಲ್ಲಿ ಪ್ರಕಟಿಸಿದ ಕ್ರಮ. ಆ ವೈದ್ಯರಿಗೇ ಹಿಮ್ಮಡಿ ನೋವಿತ್ತಂತೆ. ಆಪರೇಷನ್ ಮಾಡಿ ಎಂದರೆ ಮೇಲಧಿಕಾರಿ ಒಪ್ಪಲಿಲ್ಲವಂತೆ. ಹರಿದೇ ಹೋದರೆ ಮಾಡಲೇಬೇಕಲ್ಲ ಎಂದು ಸಿಟ್ಟಿಗೆ ಹಿಮ್ಮಡಿಯ ಮೇಲೆ ಭಾರ ಹೇರುತ್ತ ಹೋದರೆ ಅದು ಹರಿಯುವ ಬದಲು ವಾಸಿಯಾಯಿತಂತೆ. ಹೀಗೆಂದು ಅವರೇ ಹೇಳಿಕೊಂಡಿದ್ದಾರೆ. ವೈದ್ಯಶಾಸ್ತ್ರದಲ್ಲಿ ಹಟಕ್ಕೆ ಇಷ್ಟು ಒಳ್ಳೆಯ ಫಲ ಸಿಕ್ಕ ಉದಾಹರಣೆ ನನಗೆ ಬೇರೆ ತಿಳಿಯದು.

ಈಗ ನಮ್ಮ ಅಪಾರ್ಟ್‌ಮೆಂಟಿನ ಮೊದಲ ಮೆಟ್ಟಿಲಿನ ಮೇಲೆ, ಕಂಬಿ ಹಿಡಿದು, ಗೋಡೆಗೆ ಮುಖ ಮಾಡಿ ಏರುತ್ತ ಇಳಿಯುತ್ತ ನಿಂತಿರುತ್ತೇನೆ. ಹಾಲಿನವನು ಮೊದಮೊದಲು ಹತ್ತುವುದಕ್ಕೆ ಸಹಾಯ ಬೇಕೇ ಎಂದು ಕೇಳುತ್ತಿದ್ದ. ಎದುರು ಮನೆಯ ಹುಡುಗ ತನ್ನ ತಾಯಿಗೆ, “ಅಂಕಲ್‌ಗೆ ಯಾರೋ ಪನಿಶ್‌ಮೆಂಟ್ ಕೊಟ್ಟಿದಾರೆ” ಎಂದು ವರದಿ ಮಾಡಿದ್ದಾನೆ. ನೋವು ಇಳಿದಿದೆಯೇ ಎಂದರೆ ಇಳಿಯುತ್ತಿದೆ ಎನ್ನಬಹುದು; ಅಂತೂ ಮಂಚದಿಂದ ಇಳಿಯುವಾಗ ಮೊದಲಿನಷ್ಟು ದೇವರ ನಾಮ ಬಾಯಿಗೆ ಬರುವುದಿಲ್ಲ. ಫಿಸಿಯೋ ಬಳಿ ಲೈಸಿಲ್ ಆಕ್ಸಿಡೇಸ್, ಅಡ್ಡಕೊಂಡಿ, ಕಾರ್ಬನ್-14 ಎಂದೆಲ್ಲ ನಾನು ಮಾತು ಬೆಳೆಸಿದ್ದರಿಂದ ಅವನಿಗೆ ಗುಮಾನಿ ಬಂದು, ಇದೆಲ್ಲ ನಿಮಗೆ ಹೇಗೆ ಗೊತ್ತು ಸಾರ್ ಎಂದ. ನಮ್ಮ ಸೋದರ ಸೊಸೆ ಅಮೆರಿಕದಲ್ಲಿ ಟೆಂಡನ್ ಮೇಲೆ ಸಂಶೋಧನೆ ಮಾಡುತ್ತಾಳೆ ಎಂದು ಎದೆಯುಬ್ಬಿಸಿ ಹೇಳಿದೆ. ಅವನು ಮರುದಿನವೇ ತನ್ನ ರೋಗಿಗಳ ಬಗ್ಗೆ ಒಂದು ಪುಟ ಸಂದೇಹಗಳನ್ನು ನೀಟಾಗಿ ನಂಬರು ಹಾಕಿ ಬರೆದುಕೊಟ್ಟ: ಭುಜ ಹಿಡಿದುಕೊಂಡ ಟೈಲರ್, ಮೊಣಕೈ ನೋವಿನ ಟೆನಿಸ್ ಆಟಗಾರ, ಸಕ್ಕರೆ ಕಾಯಿಲೆಯ ಹೆಬ್ಬೆರಳು. ನಾನು ಅದರ ಫೋಟೋ ತೆಗೆದು ಹುಡುಗಿಗೆ ಕಳಿಸಿದೆ. ಅವಳು ಆಗ ಯಾವ ಹಂತದ ಮೊಟ್ಟೆಯ ಮುಂದೆ ಕೂತಿದ್ದಳೋ ಏನೋ, ರಾತ್ರಿ ಒಂದೇ ಸಾಲಿನ ಉತ್ತರ ಬಂತು: “ಇವರಲ್ಲಿ ಯಾರಾದರೂ ಇನ್ನೂ ಮೊಟ್ಟೆಯೊಳಗೇ ಇದ್ದಾರಾ ಕೇಳಿ ಮಾಮ.”